ಕೇರಾಫ್ 99 ಎಪಿಒ

1971ರ ಡಿಸೆಂಬರ್ 2 ಹೊಸ್ತಿಲ ಹುಣ್ಣಿಮೆ. ಬೆಳಗಾವಿ ಶಹಾಪುರದ ನಮ್ಮ ಓಣಿಯಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದವರು ಇನ್ನೂ ಮನೆ ಮುಟ್ಟಿರಲಿಲ್ಲ. ಮರುದಿನ ಶುಕ್ರವಾರ ಸಂಜೆ ಪಾಕಿಸ್ತಾನದ ವಿಮಾನಗಳು ಅಮೃತಸರ, ಪಠಾಣಕೋಟ, ಶ್ರೀನಗರ, ಆಗ್ರಾ ಕಡೆಯ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿದವು. ಮಧ್ಯರಾತ್ರಿ ದಾಟಿದ ಮೇಲೆ ಇಂದಿರಾ ಗಾಂಧಿ ರೇಡಿಯೊದಲ್ಲಿ ಮಾತನಾಡಿದರು. ನಾನು ಅದನ್ನು ಕೇಳಲಿಲ್ಲ, ನಿದ್ದೆ ಹೋಗಿದ್ದೆ. ಆಗ ನಾನು ಐದನೆಯ ಇಯತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಚಹಾ ಕುಡಿಯದೆಯೇ ಕೆಲಸಕ್ಕೆ ಹೋಗಿದ್ದರು. ಅವ್ವ ಒಲೆ ಮುಂದೆ ಸುಮ್ಮನೆ ಕೂತಿದ್ದಳು. ಪಕ್ಕದ ಮನೆಯ ವೈನಿ (ಅತ್ತಿಗೆಗೆ ನಮ್ಮ ಕಡೆ ಹೀಗೆನ್ನುತ್ತೇವೆ) ನಮ್ಮ ಪಡಸಾಲೆಯಲ್ಲಿ, ರೇಡಿಯೊದ ಎದುರಿಗೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ರೇಡಿಯೊ ಬಂದ್ ಆಗಿತ್ತು.

ಆ ಯುದ್ಧದ ಬಗ್ಗೆ ಬರೆದವರೆಲ್ಲ ಹದಿಮೂರು ದಿನಗಳ ಕಥೆ ಹೇಳುತ್ತಾರೆ. ಕರಾಚಿ ಬಂದರಿಗೆ ಹತ್ತಿದ ಬೆಂಕಿ, ಢಾಕಾದ ಮೈದಾನದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕಿದ ಮೇಜು, 93,000 ಕೈದಿಗಳು. ಅದೆಲ್ಲ ನಡೆದದ್ದೇ, ದೊಡ್ಡದೇ. ಆದರೆ ನಾನು ಕಂಡ ಯುದ್ಧ ಒಂದು ಬೆತ್ತದ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ವೈನಿ ತನ್ನ ಗಂಡನ ಪತ್ರಗಳನ್ನು ಇಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಪತ್ರ ಓದುವವಳೂ ನಾನೇ, ಉತ್ತರ ಬರೆಯುವವಳೂ ನಾನೇ.

ಬೆಳಗಾವಿಯಲ್ಲಿ ಬೆಳೆದವರಿಗೆ ಪಲ್ಟನ್ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ನಮ್ಮ ಊರಲ್ಲೇ ಇದೆ. ಬೆಳಗಿನ ಬ್ಯೂಗಲ್, ಕ್ಯಾಂಪಿನ ರಸ್ತೆಯಲ್ಲಿ ಸಾಲಾಗಿ ಓಡುವ, ಹೊಸದಾಗಿ ಸೇರಿದ ರಂಗರೂಟರು, ಅವರ ಬೂಟಿನ ಸದ್ದು ನಮಗೆ ಮಗ್ಗದ ಸದ್ದಿನಷ್ಟೇ ಬಳಕೆಯದು. ಹೆಸರು ಮರಾಠಾ ಎಂದಿದ್ದರೂ ಅದರಲ್ಲಿ ಗೋಕಾಕ, ಹುಕ್ಕೇರಿ, ಚಿಕ್ಕೋಡಿ ಕಡೆಯ ಕನ್ನಡದ ಹುಡುಗರೂ ಇರುತ್ತಿದ್ದರು. ವೈನಿಯ ಗಂಡ ಹುಕ್ಕೇರಿ ಕಡೆಯವರು, ನಾಯಕ್ ದರ್ಜೆಯಲ್ಲಿದ್ದರು. ಪಲ್ಟನ್ ಪೂರ್ವದ ಗಡಿಗೆ ಹೋದ ಮೇಲೆ ವೈನಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಗೋಡೆಗೆ ಗೋಡೆ ಹತ್ತಿದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದಿದ್ದಳು. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕದಿನ್ನೂ ತೊಟ್ಟಿಲ ಕೂಸು.

ಪತ್ರದ ವಿಳಾಸ ನನಗೆ ಈಗಲೂ ಬಾಯಿಪಾಠ. ಮೊದಲು ಸೈನಿಕನ ನಂಬರು, ಆಮೇಲೆ ದರ್ಜೆ, ಹೆಸರು, ಪಲ್ಟನ್, ಕೊನೆಗೆ ‘ಕೇರಾಫ್ 99 ಎಪಿಒ’. ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವಿಲ್ಲ. ಅಪ್ಪನನ್ನು ಕೇಳಿದ್ದೆ, ಈ 99 ಯಾವ ಊರು ಎಂದು. ಅಪ್ಪ ಅಂಚೆ ಕಚೇರಿಯಲ್ಲಿ ತಾರು, ಅಂದರೆ ಟೆಲಿಗ್ರಾಂ ವಿಭಾಗದ ಗುಮಾಸ್ತರು. ಇಡೀ ದೇಶದ ಊರುಗಳು ಅವರಿಗೆ ಗೊತ್ತು ಎಂದು ನಾನು ನಂಬಿದ್ದೆ. ಅದು ಊರಲ್ಲ, ಸೈನ್ಯದ ಅಂಚೆ, ಪಲ್ಟನ್ ಎಲ್ಲಿಗೆ ಹೋದರೂ ಪತ್ರ ಹುಡುಕಿಕೊಂಡು ಹೋಗುತ್ತದೆ ಎಂದರು. ಶಾಲೆಯ ಗೋಡೆಯ ಮೇಲಿನ ಭಾರತದ ನಕಾಶೆಯಲ್ಲಿ ಹುಡುಕಿದರೂ ಸಿಗದ ಆ ಜಾಗಕ್ಕೆ ನಾನು ಪತ್ರ ಬರೆಯುತ್ತಿದ್ದೆ.

ಪತ್ರ ಬಂದರೆ ವೈನಿ ಮೊದಲು ಕೇಳುತ್ತಿದ್ದದ್ದು ಒಂದೇ.

“ತಾರೀಖ ಏನೈತಿ, ಮೊದಲ ಅದನ್ನ ಹೇಳು.”

ಒಳಗಿನ ಸುದ್ದಿ ಆಮೇಲೆ. ಗಂಡ ಏನು ಬರೆದಿದ್ದಾನೆ, ಮಕ್ಕಳನ್ನು ನೆನೆಸಿದ್ದಾನೋ ಇಲ್ಲವೋ, ರೊಕ್ಕ ಕಳಿಸಿದ್ದಾನೋ ಇಲ್ಲವೋ, ಎಲ್ಲ ಆಮೇಲೆ. ಮೊದಲು ತಾರೀಖು. ಯಾಕೆಂದು ನನಗೆ ಶುರುವಿಗೆ ತಿಳಿದಿರಲಿಲ್ಲ. ಯುದ್ಧ ಶುರುವಾಗಿ ವಾರ ಕಳೆದ ಮೇಲೆ ಒಂದು ಪತ್ರ ಬಂತು. ವೈನಿ ಓಡಿ ಬಂದಳು, ಓಣಿಯ ಹೆಂಗಸರೆಲ್ಲ ಕೂಡಿದರು. ನಾನು ತಾರೀಖು ಓದಿದೆ. ನವೆಂಬರಿನದು. ವೈನಿಯ ಮುಖ ನೋಡಿದಾಗ ನನಗೆ ತಿಳಿಯಿತು. ಆ ಕಾಗದ ಬರೆದ ದಿನ ಅವನು ಅರಾಮಾಗಿದ್ದ. ಅಷ್ಟನ್ನೇ ಅದು ಹೇಳಬಲ್ಲದು. ನಂತರದ್ದು ಏನೂ ಅದರಲ್ಲಿಲ್ಲ. ಆದರೂ ಅವಳು ಅದನ್ನು ಮತ್ತೆ ಮತ್ತೆ ಓದಿಸಿದಳು. ಹತ್ತು ವರ್ಷದ ಹುಡುಗಿಗೆ ಕಾಲ ಎಂದರೆ ಏನೆಂದು ಯಾವ ಪಾಠವೂ ಹಾಗೆ ಕಲಿಸಿರಲಿಲ್ಲ.

ಇನ್ನು ಉತ್ತರ ಬರೆಯುವುದು. ಮೇಲೆ ‘ಶ್ರೀ’, ಬಲಗಡೆ ತಾರೀಖು, ‘ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಮೇಲಿಂದ ಮೇಲೆ ಕಾಗದ ಬರೆಯುತ್ತಿರಬೇಕು.’ ಅಷ್ಟು ಅವಳು ಹೇಳುವ ಮೊದಲೇ ನಾನು ಬರೆದು ಮುಗಿಸುತ್ತಿದ್ದೆ. ಕಷ್ಟ ಇದ್ದದ್ದು ಆಮೇಲಿನ ಸಾಲುಗಳಲ್ಲಿ.

“ಕೂಸಿಗೆ ಜ್ವರ ಬಂದಿತ್ತು ಅಂತ ಬರೀಲೇನು ವೈನಿ?”

“ಬ್ಯಾಡ. ಕೂಸಿಗೆ ಎರಡು ಹಲ್ಲು ಬಂದಾವು ಅಂತ ಬರಿ.”

ಎರಡೂ ನಿಜ. ಜ್ವರವೂ ಬಂದಿತ್ತು, ಹಲ್ಲೂ ಬಂದಿದ್ದವು. ಆ ತಿಂಗಳು ಮನಿಯಾರ್ಡರ್ ತಡವಾದಾಗ ಅವಳು ತನ್ನ ಬೋರಮಾಳ ಒತ್ತೆ ಇಟ್ಟಿದ್ದಳು. ಅದನ್ನು ಬರೆಯಲಿಲ್ಲ. ದೀಪಾವಳಿಗೆ ಅತ್ತೆ ಒಂದು ಸೀರೆ ಕೊಟ್ಟಿದ್ದಳು, ಅದನ್ನು ಬರೆದೆವು. ದೊಡ್ಡ ಹುಡುಗ ರಾತ್ರಿ ಎದ್ದು ಅಪ್ಪ ಎಲ್ಲಿ ಎಂದು ಅಳುತ್ತಿದ್ದ. ಅದನ್ನು ಬರೆಯಲಿಲ್ಲ. ಅವನು ಹತ್ತರವರೆಗೆ ಎಣಿಸಲು ಕಲಿತಿದ್ದ, ಅದನ್ನು ಬರೆದೆವು. ಹೀಗೆ ಬರೆದದ್ದಕ್ಕಿಂತ ಬಿಟ್ಟದ್ದು ಹೆಚ್ಚಾಗುತ್ತಾ ಹೋಯಿತು. ಬಿಟ್ಟದ್ದನ್ನೆಲ್ಲ ಬಲ್ಲವರು ಇಬ್ಬರೇ, ವೈನಿ ಮತ್ತು ನಾನು. ದೊಡ್ಡವರ ಹತ್ತಿರ ಹೇಳಿಕೊಳ್ಳಲಾಗದ್ದನ್ನು ಅವಳು ನನ್ನ ಮುಂದೆ ಹೇಳುತ್ತಿದ್ದಳು, ಯಾಕೆಂದರೆ ಪೆನ್ನು ನನ್ನ ಕೈಯಲ್ಲಿತ್ತು. ಮಕ್ಕಳಿಗೆ ಯುದ್ಧದ ಬಗ್ಗೆ ಏನೂ ತಿಳಿಯುವುದಿಲ್ಲ ಎಂದು ಯಾರಾದರೂ ಅಂದಾಗ ನನಗೆ ಒಪ್ಪಲಾಗುವುದಿಲ್ಲ. ಯಾವ ಸೇನಾಪತಿ ಎಲ್ಲಿ ನದಿ ದಾಟಿದ ಎಂಬುದು ಮಕ್ಕಳಿಗೆ ತಿಳಿಯದಿರಬಹುದು. ಮನೆಯಲ್ಲಿ ಯಾವ ಮಾತು ನಿಂತಿದೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಅಂಚೆಚೀಟಿಯ ವಿಷಯ ಹೇಳಬೇಕು. ಆ ವರ್ಷ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಿದ್ದರು. ಅವರ ಖರ್ಚಿಗೆಂದು ಸರ್ಕಾರ ನವೆಂಬರ್ 15ರಿಂದ ಅಂಚೆಗೆ ಐದು ಪೈಸೆ ಹೆಚ್ಚುವರಿ ಹಾಕಿತು. ಹೊಸ ಚೀಟಿ ಅಚ್ಚಾಗುವವರೆಗೆ, ಚಾಲ್ತಿಯಲ್ಲಿದ್ದ ಕುಟುಂಬ ಯೋಜನೆಯ ಐದು ಪೈಸೆಯ ಚೀಟಿಯ ಮೇಲೆಯೇ ‘ನಿರಾಶ್ರಿತರ ಸಹಾಯ’ ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮುದ್ರೆ ಒತ್ತಿ ಕೊಡುತ್ತಿದ್ದರು. ಒಂದು ಪುಟ್ಟ ಸಂಸಾರದ ಚಿತ್ರ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ನಿರಾಶ್ರಿತರು. ಯಾರೂ ಬೇಕೆಂದು ಮಾಡಿದ್ದಲ್ಲ, ತುರ್ತಿಗೆ ಆದದ್ದು. ಆದರೆ ಆ ವರ್ಷವನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಚಿತ್ರವನ್ನು ನಾನು ಮತ್ತೆ ನೋಡಿಲ್ಲ. ಅವ್ವ ಐದು ಪೈಸೆ ಕೊಡುವಾಗ ಗೊಣಗಲಿಲ್ಲ. ಕಲ್ಕತ್ತೆಯ ಹತ್ತಿರ ಸಾಲ್ಟ್ ಲೇಕಿನಲ್ಲಿ ಸಿಮೆಂಟಿನ ದೊಡ್ಡ ಕೊಳವೆಗಳ ಒಳಗೆ ಸಂಸಾರಗಳು ಬದುಕುತ್ತಿವೆ ಎಂದು ಪೇಪರಿನಲ್ಲಿ ಫೋಟೊ ಬಂದಿತ್ತು. ಕೊಳವೆಯ ಬಾಯಲ್ಲಿ ಕೂತ ಹುಡುಗಿಗೆ ನನ್ನಷ್ಟೇ ವಯಸ್ಸು. ಅವಳಿಗೆ ಪತ್ರ ಬರೆಯಬೇಕೆಂದರೆ ವಿಳಾಸ ಏನು ಎಂದು ಅಪ್ಪನನ್ನು ಕೇಳಿದ್ದು ನೆನಪಿದೆ. ಅಪ್ಪ ಉತ್ತರ ಕೊಡಲಿಲ್ಲ.

ಶಾಲೆಯಲ್ಲಿ ದಿನಗಳು ಬೇರೆಯದೇ ರೀತಿ ಹೋಗುತ್ತಿದ್ದವು. ರಕ್ಷಣಾ ನಿಧಿಗೆ ಡಬ್ಬಿ ಇಟ್ಟಿದ್ದರು, ಹತ್ತು ಪೈಸೆ ಹಾಕಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಬಾಯಿಯವರು, ಅಂದರೆ ನಮ್ಮ ಶಿಕ್ಷಕಿ, ಪಾಠ ಮಾಡುತ್ತಲೇ ಸ್ವೆಟರು ಹೆಣೆಯುತ್ತಿದ್ದರು. ಹಸಿರು ಉಣ್ಣೆ, ಕಾಡಿನ ಬಣ್ಣ. ಜವಾನರಿಗೆ ತಿಂಡಿ ಕಳಿಸುವುದೆಂದು ಗೊತ್ತಾದಾಗ ಓಣಿಯಲ್ಲಿ ದೊಡ್ಡ ಚರ್ಚೆ. ಬೆಳಗಾವಿ ಎಂದ ಮೇಲೆ ಕುಂದಾ ಕಳಿಸಬೇಕು ಎಂದು ಒಬ್ಬರು. ಅದು ದಾರಿಯಲ್ಲೇ ಹುಳಿಯಾಗುತ್ತದೆ ಎಂದು ಇನ್ನೊಬ್ಬರು. ಕೊನೆಗೆ ಗೋಕಾಕದ ಕರದಂಟು ಗೆದ್ದಿತು. ಹಳೇ ಸೀರೆಯ ಬಟ್ಟೆಯಲ್ಲಿ ಹೊಲಿದ ಆ ಪೊಟ್ಟಣಗಳ ಮೇಲೆ ಅರಗು ಹಚ್ಚುವ ಕೆಲಸ ಹುಡುಗಿಯರದು.

ಸಂಜೆ ಗಿರಣಿಯ ಹಿಂದೆ ಮರಳಿನ ಗುಡ್ಡೆಯಲ್ಲಿ ಹುಡುಗರು ಖಂದಕ ತೋಡಿ ಯುದ್ಧದ ಆಟ ಆಡುತ್ತಿದ್ದರು. ಯಾರೂ ಪಾಕಿಸ್ತಾನ ಆಗಲು ಒಪ್ಪುತ್ತಿರಲಿಲ್ಲ, ಹಾಗಾಗಿ ಚಿಕ್ಕ ಮಕ್ಕಳನ್ನು ಹೆದರಿಸಿ ಪಾಕಿಸ್ತಾನ ಮಾಡುತ್ತಿದ್ದರು. ಹುಡುಗಿಯರೆಲ್ಲ ನರ್ಸು. ನಾನು ನರ್ಸು ಆಗಲಾರೆ ಎಂದು ಹಟ ಹಿಡಿದೆ. ಅಪ್ಪನಿಂದ ತಾರಿನ ಕಟಕಟ ಸದ್ದು ಕಲಿತಿದ್ದೆನಲ್ಲ, ನನ್ನನ್ನು ವಾಯರ್‌ಲೆಸ್ ಮಾಡಿದರು. ಬೆಂಕಿಪೆಟ್ಟಿಗೆಯ ಮೇಲೆ ಬೆರಳಿಂದ ಕುಟ್ಟಿ ಸುದ್ದಿ ಕಳಿಸುತ್ತಿದ್ದೆ. ವೈನಿಯ ದೊಡ್ಡ ಮಗ ಬಂದು ನಿಂತರೆ ಮಾತ್ರ ಆಟ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಅವನ ಮುಂದೆ ಯಾರೂ ಸತ್ತಂತೆ ಬೀಳುತ್ತಿರಲಿಲ್ಲ. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ.

ರಾತ್ರಿ ದೀಪ ಸಣ್ಣ ಮಾಡಬೇಕೆಂದು ಅಪ್ಪ ಕಿಟಕಿಗೆ ಕಂದು ಕಾಗದ ಅಂಟಿಸಿದ್ದರು. ಮುಂಬೈಯಲ್ಲಿದ್ದ ಕಾಕಾ ಬರೆದ ಪತ್ರದಲ್ಲಿ ಇದರ ದೊಡ್ಡ ರೂಪವಿತ್ತು. ಇಡೀ ಶಹರ ಕತ್ತಲೆ, ಮೋಟಾರಿನ ದೀಪಕ್ಕೆ ಅರ್ಧ ಕಪ್ಪು ಬಣ್ಣ, ಸೈರನ್ ಕೂಗಿದರೆ ಚಾಳಿನ ಮಂದಿಯೆಲ್ಲ ಜಿನೆಯ (ಮೆಟ್ಟಿಲಿನ) ಕೆಳಗೆ. ನಮ್ಮಲ್ಲಿ ಅಷ್ಟಿರಲಿಲ್ಲ. ಆದರೂ ಮೊದಲ ರಾತ್ರಿಗಳಲ್ಲಿ ಹುಣ್ಣಿಮೆಯ ಬೆಳಕು ಅಂಗಳದ ತುಂಬ ಹರಡಿತ್ತು. “ದೀಪಾ ಆರಸ್ತೀರಿ, ಚಂದಪ್ಪನ್ನ ಯಾರ ಆರಸ್ತೀರೋ?” ಎಂದು ಅಜ್ಜಿ ಕೇಳಿದಳು. ಆಮೇಲೆ ಅವನೂ ದಿನದಿನಕ್ಕೆ ಸವೆದ. ಯುದ್ಧ ಹುಣ್ಣಿಮೆಗೆ ಶುರುವಾಗಿ ಅಮಾವಾಸ್ಯೆಯ ಹೊಸ್ತಿಲಿಗೆ ಮುಗಿಯಿತು. ಇದನ್ನು ಯಾವ ಇತಿಹಾಸದಲ್ಲೂ ಓದಿಲ್ಲ, ಪಂಚಾಂಗ ನೋಡಿದರೆ ಸಿಗುತ್ತದೆ.

ಆ ಕತ್ತಲಲ್ಲಿ ನಾವು ಕಾಯುತ್ತಿದ್ದದ್ದು ಅಪ್ಪನ ಸೈಕಲ್ಲಿಗೆ. ಸೈನಿಕ ಸತ್ತರೆ ಮನೆಗೆ ಸುದ್ದಿ ಬರುತ್ತಿದ್ದದ್ದು ತಾರಿನಲ್ಲಿ. ತಾರು ಹಂಚುವ ಆಳು ಬೇರೆ. ಆದರೆ ಆ ಅಕ್ಷರಗಳು ಮೊದಲು ಬೀಳುತ್ತಿದ್ದದ್ದು ಅಪ್ಪನಂಥವರ ಕಿವಿಗೆ. ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು, ತಿಳಿದರೂ ಹೊರಗೆ ಆಡುವಂತಿರಲಿಲ್ಲ. ವೈನಿಗೆ ಇದು ಗೊತ್ತಿತ್ತು. ಅಪ್ಪ ಬರುವ ಹೊತ್ತಿಗೆ ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಅಪ್ಪ ಸೈಕಲ್ಲಿನಿಂದ ಎಲ್ಲಿ ಇಳಿಯುತ್ತಾರೆ, ಯಾರ ಮುಖ ನೋಡುತ್ತಾರೆ, ಅಷ್ಟನ್ನೇ ನೋಡುತ್ತಿದ್ದಳು.

ಎರಡನೆಯದೋ ಮೂರನೆಯದೋ ದಿನ ಅಪ್ಪನಿಗೆ ಇದು ಹೊಳೆದಿರಬೇಕು. ಅವತ್ತಿನಿಂದ ಓಣಿಯ ತಿರುವಿನಲ್ಲೇ ಗಂಟೆ ಬಾರಿಸಲು ಶುರು ಮಾಡಿದರು. ಮೊದಲು ಅವರು ಗಂಟೆ ಬಾರಿಸುವವರೇ ಅಲ್ಲ, ಅಡ್ಡ ಬಂದ ಆಕಳಿಗೂ ದಾರಿ ಬಿಟ್ಟು ನಿಲ್ಲುವವರು. ಈಗ ತಿರುವಿನಿಂದ ಮನೆಯವರೆಗೆ ಟ್ರಿಣ್ ಟ್ರಿಣ್ ಎಂದು ಬಿಡದೆ ಬಾರಿಸುತ್ತಾ ಬರುತ್ತಿದ್ದರು. ವೈನಿ ಒಳಗೆ ಹೋಗಿ ಒಲೆ ಹೊತ್ತಿಸುತ್ತಿದ್ದಳು. ಅದರ ಬಗ್ಗೆ ಅವರಿಬ್ಬರೂ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ. ನೌಕರಿಯ ಗುಟ್ಟನ್ನೂ ಮುರಿಯದೆ, ನೆರೆಮನೆಯ ಹೆಣ್ಣುಮಗಳನ್ನು ಆ ರಾತ್ರಿ ನಿದ್ದೆಗೆಡಿಸದೆ ಇರಲು ಅಪ್ಪ ಕಂಡುಕೊಂಡ ದಾರಿ ಅದು. ಅವರ ಬಗ್ಗೆ ನನಗಿರುವ ಹೆಮ್ಮೆಗಳಲ್ಲಿ ಇದೇ ದೊಡ್ಡದು.

ಒಂದು ಸಂಜೆ ಗಂಟೆ ಕೇಳಲಿಲ್ಲ. ಅಪ್ಪ ಸೈಕಲ್ಲು ತಳ್ಳಿಕೊಂಡು ನಡೆದು ಬಂದರು. ವೈನಿ ಚೌಕಟ್ಟು ಬಿಟ್ಟು ಕೆಳಗೆ ಕೂತುಬಿಟ್ಟಳು. ಅಪ್ಪ ಓಡಿಬಂದು, “ನಿಮ್ಮದಲ್ಲವ್ವಾ, ನಿಮ್ಮದಲ್ಲ” ಎಂದರು. ಮತ್ತೆ ಯಾರದು ಎಂದು ಹೇಳಲಿಲ್ಲ. ಮರುದಿನ ಎರಡು ಓಣಿ ಆಚೆಯ ಮನೆಯಿಂದ ಅಳುವ ಸದ್ದು ಬಂತು. ಆ ಮನೆಯ ಹುಡುಗ ನನ್ನ ವರ್ಗದವನು. ಅವನು ಶಾಲೆಗೆ ಮರಳಿದ ದಿನ ಬಾಯಿಯವರು ಸ್ವೆಟರು ಹೆಣೆಯಲಿಲ್ಲ. ಅವನ ಪಕ್ಕದಲ್ಲಿ ಕೂರಲು ಜಗಳವಾಡುತ್ತಿದ್ದವರು ಈಗ ಅವನಿಗೆ ಹೆಚ್ಚು ಜಾಗ ಬಿಟ್ಟು ಕೂತರು. ಅವನಿಗೆ ಅದೇ ಹೆಚ್ಚು ನೋವಾಯಿತು ಎಂದು ಎಷ್ಟೋ ವರ್ಷಗಳ ಮೇಲೆ ಅವನೇ ಹೇಳಿದ.

ಅದೇ ದಿನಗಳಲ್ಲಿ ವೈನಿಯ ಗಂಡ ಇದ್ದ ಪಲ್ಟನ್, ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೆಯ ಬಟಾಲಿಯನ್, ಪೂರ್ವ ಪಾಕಿಸ್ತಾನದ ಜಮಾಲಪುರದ ಹತ್ತಿರ ಇತ್ತೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಅಲ್ಲೂ ಒಂದು ಪತ್ರದ ಕಥೆಯಿದೆ. ನಮ್ಮ ಸೈನ್ಯದ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಜಮಾಲಪುರದ ಪಾಕಿಸ್ತಾನಿ ಅಧಿಕಾರಿಗೆ ಶರಣಾಗಲು ಪತ್ರ ಬರೆದು ಊರಿನವನೊಬ್ಬನ ಕೈಯಲ್ಲಿ ಕಳಿಸಿದರು. ಆ ಅಧಿಕಾರಿ, 31 ಬಲೂಚ್ ಪಡೆಯ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್, ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದರು. ಡಿಸೆಂಬರ್ 10ರ ರಾತ್ರಿ ಅವರ ಪಡೆ ದಾರಿ ಮಾಡಿಕೊಂಡು ಹೊರಬರಲು ನುಗ್ಗಿತು. ಆ ದಾರಿಗೆ ಅಡ್ಡ ಕೂತಿದ್ದದ್ದು ಇದೇ ಬಟಾಲಿಯನ್. ಇದನ್ನು ಓದಿದ ದಿನ ನಾನು ಹಳೆಯ ಲೆಕ್ಕ ಹಾಕಿದೆ. ಆ ಹೊತ್ತಿಗೆ ನಾವು ಕೂಸಿನ ಹಲ್ಲಿನ ಸುದ್ದಿ ಬರೆದು ಅಂಚೆಗೆ ಹಾಕಿದ್ದೆವು. ಅದು ದಾರಿಯಲ್ಲಿತ್ತು.

ಡಿಸೆಂಬರ್ 16ರ ಸಂಜೆ ಯುದ್ಧ ಮುಗಿಯಿತು. ಓಣಿಯಲ್ಲಿ ಪಟಾಕಿ ಹಾರಿಸಿದರು, ದೀಪಾವಳಿಗೆ ಉಳಿದದ್ದು. ಕಿಟಕಿಯ ಕಾಗದ ಕಿತ್ತರು. ಎಲ್ಲರೂ ಸಕ್ಕರೆ ಹಂಚಿದರು, ವೈನಿ ಹಂಚಲಿಲ್ಲ. ಅವಳಿಗೆ ಬೇಕಿದ್ದದ್ದು ಹದಿನಾರರ ಮೇಲಿನ ಒಂದು ತಾರೀಖು. ಅದು ಬರಲು ಜನವರಿ ಹಿಡಿಯಿತು. ‘ನಾನು ಅರಾಮ ಇದ್ದೇನೆ’ ಎಂಬ ಒಂದೇ ಒಂದು ಸಾಲು, ಅಕ್ಷರ ಅವನದಲ್ಲ, ಯಾರೋ ಬರೆದುಕೊಟ್ಟದ್ದು. ಅದನ್ನು ನೋಡಿ ಅವಳಿಗೆ ಅನುಮಾನ ಬಂತು. ನನಗೂ ಬಂತು. ಯಾಕೆಂದರೆ ಅರಾಮ ಎಂದು ಬರೆಯುವುದು ಹೇಗೆ ಎಂದು ನಮಗಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ನನ್ನ ತಲೆಗೆ ಆಗ ಬಾರದ್ದು, ಈಗ ಬಿಡದೆ ಕಾಡುವುದು ಆ 93,000 ಜನರ ಮನೆಗಳು. ಅವರು ಊರು ಸೇರಲು 1973ರ ಸೆಪ್ಟೆಂಬರ್‌ನಿಂದ 1974ರ ಏಪ್ರಿಲ್‌ವರೆಗೆ ಬೇಕಾಯಿತು. ಅಂದರೆ ಪಾಕಿಸ್ತಾನದ ಝೇಲಂ, ಚಕ್ವಾಲ್ ಕಡೆಯ ಯಾವುದೋ ಓಣಿಯಲ್ಲಿ, ಓದು ಬಾರದ ತಾಯಿಗೋ ಅಕ್ಕನಿಗೋ ಒಬ್ಬ ಹುಡುಗಿ ಎರಡು ವರ್ಷ ಪತ್ರ ಓದಿ ಹೇಳಿರಬೇಕು. ಅವಳೂ ಮೊದಲು ತಾರೀಖು ಓದಿರಬೇಕು. ಗೆದ್ದ ದೇಶದ ಮಗಳಾಗಿ ಇದನ್ನು ಬರೆಯುವಾಗ ನನಗೆ ಸಂಕೋಚವಿಲ್ಲ. ವೈನಿಯ ಮುಖ ನೋಡಿದವರಿಗೆ ಇನ್ನೊಂದು ಕಡೆಯ ಮುಖ ಊಹಿಸಲು ಕಷ್ಟವಾಗುವುದಿಲ್ಲ.

ಯುಗಾದಿ ಕಳೆದ ಮೇಲೆ ವೈನಿಯ ಗಂಡ ರಜೆಗೆ ಬಂದರು. ಬಲಗಾಲು ಎಳೆದು ನಡೆಯುತ್ತಿದ್ದರು. ಮೊದಲ ದಿನ ಮನೆ ತುಂಬ ಮಂದಿ, ಆರತಿ, ಹೋಳಿಗೆ. ಎರಡನೆಯ ದಿನ ಗೋಡೆಯಾಚೆಯಿಂದ ಜಗಳ.

“ಬೋರಮಾಳ ಎಲ್ಲಿ? ಒತ್ತಿ ಇಟ್ಟಿದ್ದು ಯಾಕ ಬರೀಲಿಲ್ಲ?”

“ಕಾಲಿಗೆ ಚೂರು ಹೊಕ್ಕಿದ್ದು ನೀವ್ಯಾಕ ಬರೀಲಿಲ್ಲ? ತಿಂಗಳಗಟ್ಟಲೆ ದವಾಖಾನಿಯೊಳಗ ಇದ್ದದ್ದು ಯಾಕ ಬರೀಲಿಲ್ಲ?”

ಅವ್ವ ಬಿಡಿಸಲು ಹೋಗಲಿಲ್ಲ. “ಆಗಲಿ ಬಿಡು, ಅಷ್ಟು ದಿನದ್ದು ಬಾಕಿ ಐತಿ” ಎಂದಳು. ಜ್ವರ, ಮಗನ ಅಳು, ಬಾಡಿಗೆ, ಅತ್ತೆಯ ಮಾತು, ಆ ಕಡೆಯಿಂದ ಆಸ್ಪತ್ರೆ, ಸತ್ತ ಗೆಳೆಯ, ನಿದ್ದೆಯಿಲ್ಲದ ರಾತ್ರಿ, ಒಂದೊಂದಾಗಿ ಎಲ್ಲ ಹೊರಬಿತ್ತು. ನಾನು ಗೋಡೆಗೆ ಕಿವಿ ಹಚ್ಚಿ ಕೂತಿದ್ದೆ. ಬಿಟ್ಟ ಸಾಲುಗಳಲ್ಲಿ ಹೆಚ್ಚಿನವು ನನಗೆ ಗೊತ್ತಿದ್ದವೇ.

ರಜೆ ಮುಗಿಸಿ ಅವರು ಹೋದ ವಾರವೇ ವೈನಿ ಮಗನ ಪಾಟಿ ಹಿಡಿದು ನಮ್ಮ ಮನೆಗೆ ಬಂದಳು. ತನಗೆ ಅಕ್ಷರ ಕಲಿಸು ಎಂದಳು. ಇನ್ನು ಮೇಲೆ ಏನು ಬರೆಯಬೇಕು, ಏನು ಬಿಡಬೇಕು ಎಂಬುದು ಇನ್ನೊಬ್ಬರ ಕಿವಿಗೆ ಬೀಳದೆ ನಡೆಯಬೇಕು ಎಂದು ಅವಳಿಗೆ ಅನಿಸಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಒತ್ತಕ್ಷರಗಳಲ್ಲಿ ಎಡವಿದರೂ ಒಂದು ಕಾಗದ ತುಂಬುವಷ್ಟು ಬಂತು. ಮೊದಲ ಪತ್ರವನ್ನು ನಮ್ಮ ಪಡಸಾಲೆಯಲ್ಲೇ ಕೂತು ಬರೆದಳು. ವಿಳಾಸಕ್ಕೆ ಮಾತ್ರ ನನ್ನನ್ನು ಕರೆದು ನಂಬರು ಸರಿಯಿದೆಯೇ ನೋಡು ಎಂದಳು, ಮಿಕ್ಕದ್ದನ್ನು ಮಡಿಚಿ ಹಿಡಿದುಕೊಂಡಿದ್ದಳು. ನಂಬರು ಸರಿಯಿತ್ತು. ಐದು ಪೈಸೆಯ ನಿರಾಶ್ರಿತರ ಚೀಟಿ ಆಗಲೂ ಹಚ್ಚಬೇಕಿತ್ತು. ಅದನ್ನೂ ತಾನೇ ಹಚ್ಚಿ, ಮೂಲೆಯ ಕೆಂಪು ಡಬ್ಬಿಗೆ ತಾನೇ ಹಾಕಿ ಬಂದಳು.